ಇಪ್ಪತ್ತರಲ್ಲಿ ಎರಡೇ ಸರಿ: ಏಕಕಾಲಿಕ ಪ್ರೋಗ್ರಾಮಿಂಗ್ ಪಾಠವನ್ನು ಚೀಟಿಗಳಿಂದ ಆರಂಭಿಸುವುದು

ಬಿಎಸ್ಸಿ, ಬಿಸಿಎ ತರಗತಿಗಳಲ್ಲಿ ಆಪರೇಟಿಂಗ್ ಸಿಸ್ಟಂ ಓದಿದವರನ್ನು ಸೆಮಫೋರ್ ಎಂದರೇನು ಎಂದು ಕೇಳಿದರೆ ವ್ಯಾಖ್ಯೆ ತಡವಿಲ್ಲದೆ ಬರುತ್ತದೆ. ರೇಸ್ ಕಂಡೀಷನ್, ಕ್ರಿಟಿಕಲ್ ಸೆಕ್ಷನ್, ಡೆಡ್‌ಲಾಕಿನ ನಾಲ್ಕು ಷರತ್ತುಗಳು, ಎಲ್ಲವೂ ಐದು ಅಂಕದ ಪ್ರಶ್ನೆಗೆ ಸಾಲುವಷ್ಟು ಬಾಯಿಪಾಠವಾಗಿರುತ್ತವೆ. ಆದರೆ ಎರಡು ಥ್ರೆಡ್‌ಗಳಿರುವ ಹತ್ತು ಸಾಲಿನ ಪ್ರೋಗ್ರಾಂ ಕೈಗೆ ಕೊಟ್ಟು, ‘ಇದರಿಂದ ಯಾವ ಯಾವ ಉತ್ತರ ಬರಬಹುದು?’ ಎಂದು ಕೇಳಿ ನೋಡಿ. ಹೆಚ್ಚಿನವರು ಒಂದೇ ಉತ್ತರ ಹೇಳಿ ಸುಮ್ಮನಾಗುತ್ತಾರೆ. ಒಂದು ಪ್ರೋಗ್ರಾಂಗೆ ಹಲವು ಉತ್ತರಗಳಿರಬಹುದು ಎಂಬ ಮಾತೇ ಅವರಿಗೆ ಹೊಸದು.

ಇದರಲ್ಲಿ ಅವರ ದೋಷವೇನೂ ಇಲ್ಲ. ಪಿಯುಸಿಯಿಂದ ಅಲ್ಲಿಯವರೆಗೆ ಬರೆದ ಪ್ರೋಗ್ರಾಂಗಳೆಲ್ಲ ಅದೇ ಇನ್‌ಪುಟ್‌ಗೆ ಅದೇ ಔಟ್‌ಪುಟ್ ಕೊಟ್ಟಿವೆ. ‘ರನ್ ಆಯಿತು, ಸರಿ ಉತ್ತರ ಬಂತು, ಹಾಗಾದರೆ ಪ್ರೋಗ್ರಾಂ ಸರಿ’ ಎಂಬ ನಂಬಿಕೆ ಮೂರು ನಾಲ್ಕು ವರ್ಷಗಳಲ್ಲಿ ಗಟ್ಟಿಯಾಗಿದೆ. ನಮ್ಮ ಪಾಠಯೋಜನೆಯ ಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಪೂರ್ವಜ್ಞಾನವೇ ಹೊಸ ಕಲಿಕೆಗೆ ಅಡ್ಡ ನಿಲ್ಲುತ್ತದೆ. ಅದನ್ನು ಮೊದಲು ಅಲುಗಾಡಿಸದೆ ಸೆಮಫೋರ್ ಹೇಳಿಕೊಟ್ಟರೆ, ಕಾಯಿಲೆ ಏನೆಂದು ತಿಳಿಯದವರಿಗೆ ಗುಳಿಗೆಯ ಹೆಸರು ಹೇಳಿದಂತಾಗುತ್ತದೆ.

ಕಲ್ಲೂರಿನಲ್ಲಿ ಬೋಧನಾಭ್ಯಾಸಕ್ಕೆ ಇದ್ದಾಗ, ರಾಯಚೂರಿಗೆ ಬಸ್ಸಿನಲ್ಲಿ ಹೋಗಿ ಬಂದು ಡಿಗ್ರಿ ಓದುವ ಏಳು ಮಂದಿಗೆ ಸಂಜೆ ಹೊತ್ತು ಈ ಪಾಠ ಮಾಡಿದೆ. ಕಂಪ್ಯೂಟರ್ ಇರಲಿಲ್ಲ. ಕರಿಹಲಗೆ, ಸೀಮೆಸುಣ್ಣ, ಕೆಂಪು ಮತ್ತು ನೀಲಿ ಕಾಗದದ ಚೀಟಿಗಳು ಇದ್ದವು. ಇಂಥ ಪಾಠಕ್ಕೆ ಮೊದಲ ದಿನ ಕಂಪ್ಯೂಟರ್ ಇಲ್ಲದಿರುವುದೇ ಒಳ್ಳೆಯದು ಎಂದು ನನಗೆ ಈಗ ಅನ್ನಿಸುತ್ತದೆ. ಕಾರಣ ಮುಂದೆ ಹೇಳುತ್ತೇನೆ.

ಒಂದು ಗೊಬ್ಬರದ ಅಂಗಡಿಯನ್ನು ಊಹಿಸಿಕೊಳ್ಳಲು ಹೇಳಿದೆ. ಅಣ್ಣ ಗಲ್ಲಾದಲ್ಲಿ, ತಮ್ಮ ಗೋದಾಮಿನಲ್ಲಿ. ಯೂರಿಯಾ ಎಷ್ಟು ಚೀಲ ಇದೆ ಎಂಬುದು ನಡುವಿನ ಹಲಗೆಯ ಮೇಲೆ ಬರೆದಿರುತ್ತದೆ. ಈಗ ಅಲ್ಲಿ 50 ಎಂದಿದೆ. ಅಣ್ಣ 3 ಚೀಲ ಮಾರುತ್ತಾನೆ, ಅದೇ ಹೊತ್ತಿಗೆ ಲಾರಿಯಿಂದ 10 ಚೀಲ ಇಳಿಯುತ್ತವೆ. ಹಲಗೆಯ ಮೇಲೆ ಕೊನೆಗೆ 57 ಇರಬೇಕು. ಇಬ್ಬರಿಗೂ ಇರುವ ಕೆಲಸ ಮೂರೇ: ಹಲಗೆ ಓದು, ಲೆಕ್ಕ ಮಾಡು, ಹಲಗೆಯ ಮೇಲೆ ಬರೆ. ಅಣ್ಣನ ಮೂರು ಕೆಲಸಕ್ಕೆ ಮೂರು ಕೆಂಪು ಚೀಟಿ, ತಮ್ಮನ ಮೂರಕ್ಕೆ ಮೂರು ನೀಲಿ ಚೀಟಿ. ಒಬ್ಬನ ಚೀಟಿಗಳ ಕ್ರಮ ಬದಲಾಗಬಾರದು, ಬರೆಯುವ ಮೊದಲು ಓದಲೇಬೇಕು. ಆದರೆ ಕೆಂಪಿನ ನಡುವೆ ನೀಲಿ, ನೀಲಿಯ ನಡುವೆ ಕೆಂಪು ಹೇಗೆ ಬೇಕಾದರೂ ಬರಬಹುದು. ಕಂಪ್ಯೂಟರಿನೊಳಗೆ ಎರಡು ಥ್ರೆಡ್‌ಗಳು ನಡೆಯುವುದೂ ಹೀಗೆಯೇ. ಪ್ರೋಗ್ರಾಂ ಬರೆದವರ ಕಣ್ಣಿಗೆ ‘ಸ್ಟಾಕಿಗೆ 10 ಕೂಡಿಸು’ ಎಂಬುದು ಒಂದೇ ಸಾಲು, ಯಂತ್ರಕ್ಕೆ ಅದು ಮೂರು ಹೆಜ್ಜೆ.

ಇಬ್ಬರನ್ನು ಎದ್ದು ಬಂದು ಆಡಲು ಹೇಳಿದೆ. ಅಣ್ಣನಾದವನು 50 ಓದಿ ತನ್ನ ಜಾಗಕ್ಕೆ ಹೋಗಿ ಲೆಕ್ಕ ಮಾಡುತ್ತಿದ್ದ. ಅಷ್ಟರಲ್ಲಿ ತಮ್ಮನಾದವಳು 50 ಓದಿ, 60 ಎಂದು ಬರೆದು ಕುಳಿತಳು. ಅಣ್ಣ ಎದ್ದು ಬಂದು, ತನ್ನ ಲೆಕ್ಕದಂತೆ 60 ಒರೆಸಿ 47 ಬರೆದ. ‘ನಾ ಬರ್ದದ್ದು ಎಲ್ಲಿ ಹೋತು?’ ಎಂದಳು ಅವಳು. ಲಾರಿಯಿಂದ ಇಳಿದ ಹತ್ತು ಚೀಲ ಗೋದಾಮಿನಲ್ಲಿವೆ, ಲೆಕ್ಕದಲ್ಲಿ ಇಲ್ಲ. ಇಬ್ಬರ ಕೂಡಿಸುವುದು ಕಳೆಯುವುದರಲ್ಲಿ ಯಾವ ತಪ್ಪೂ ಇಲ್ಲ. ಇದಕ್ಕೆ ರೇಸ್ ಕಂಡೀಷನ್ ಎನ್ನುತ್ತಾರೆ ಎಂದು ನಾನು ಹೇಳಿದ್ದು ಇದಾದ ಮೇಲೆ. ಹೆಸರು ಅವರಿಗೆ ಗೊತ್ತೇ ಇತ್ತು.

ಆಮೇಲೆ ಗಣಿತ. ಆರು ಚೀಟಿಗಳನ್ನು ಈ ನಿಯಮದಂತೆ ಎಷ್ಟು ರೀತಿ ಜೋಡಿಸಬಹುದು? ಆರು ಜಾಗಗಳಲ್ಲಿ ಕೆಂಪಿಗೆ ಮೂರು ಜಾಗ ಆರಿಸಿದರೆ ಮುಗಿಯಿತು, ಅಂದರೆ 20 ರೀತಿ. ಆರು ಮಂದಿಗೆ ಮೂರು ಮೂರು, ಒಬ್ಬಳಿಗೆ ಎರಡು ಜೋಡಣೆ ಹಂಚಿ, ಪ್ರತಿಯೊಂದಕ್ಕೂ ಹಲಗೆಯ ಕೊನೆಯ ಸಂಖ್ಯೆ ಕಂಡುಹಿಡಿಯಲು ಹೇಳಿದೆ. ಫಲಿತಾಂಶ ಹೀಗೆ: 57 ಬಂದದ್ದು ಎರಡೇ ಜೋಡಣೆಗಳಲ್ಲಿ, ಮೂರು ಕೆಂಪೂ ಮುಗಿದ ಮೇಲೆ ಮೂರು ನೀಲಿ, ಇಲ್ಲವೇ ಅದರ ತಿರುವುಮುರುವು. ಒಂಬತ್ತರಲ್ಲಿ 47, ಉಳಿದ ಒಂಬತ್ತರಲ್ಲಿ 60. ಕೊನೆಯಲ್ಲಿ ಬರೆದವನ ಲೆಕ್ಕವೇ ಉಳಿಯುತ್ತದೆ. ಇಪ್ಪತ್ತರಲ್ಲಿ ಹದಿನೆಂಟು ತಪ್ಪು ಎಂಬುದನ್ನು ತಾವೇ ಎಣಿಸಿ ಕಂಡವರಿಗೆ ‘ಕ್ರಿಟಿಕಲ್ ಸೆಕ್ಷನ್ ಯಾಕೆ ಬೇಕು’ ಎಂದು ಬೇರೆ ಹೇಳಬೇಕಾಗಿಲ್ಲ. ಮೂರು ಚೀಟಿಗಳನ್ನು ಗುಂಡುಸೂಜಿಯಿಂದ ಒಂದಾಗಿ ಚುಚ್ಚಿ ಹಿಡಿಯುವುದೇ ಲಾಕ್ ಎಂದು ಅವರಲ್ಲೊಬ್ಬ ತಾನಾಗಿ ಹೇಳಿದ. ಪುಸ್ತಕದ ವ್ಯಾಖ್ಯೆಗಿಂತ ಇದು ನನಗೆ ಇಷ್ಟವಾಯಿತು.

ಇದೇ ಪಾಠವನ್ನು ನೇರ ಲ್ಯಾಬಿನಲ್ಲಿ ಶುರು ಮಾಡಿದರೆ ಆಗುವುದು ಬೇರೆ. ಎರಡು ಥ್ರೆಡ್‌ಗಳು ಒಂದೇ ಎಣಿಕೆಗೆ ಸಾವಿರ ಸಾವಿರ ಸಲ ಒಂದೊಂದು ಕೂಡಿಸುವ ಪ್ರೋಗ್ರಾಂ ಬರೆಸುತ್ತೇವೆ. ತಪ್ಪು ಬರುತ್ತದೆ ನೋಡಿ ಎನ್ನುತ್ತೇವೆ. ಪರದೆಯ ಮೇಲೆ 2000 ಎಂದು ಬರುತ್ತದೆ. ಮತ್ತೆ ಓಡಿಸಿದರೂ ಬಹುತೇಕ 2000. ಯಾಕೆಂದರೆ ಸಾವಿರ ಕೂಡಿಸುವುದು ಯಂತ್ರಕ್ಕೆ ಎಷ್ಟು ಹೊತ್ತಿನ ಕೆಲಸ? ಎರಡನೆಯ ಥ್ರೆಡ್ ಎದ್ದು ನಿಲ್ಲುವಷ್ಟರಲ್ಲಿ ಮೊದಲನೆಯದರ ಕೆಲಸ ಮುಗಿದಿರುತ್ತದೆ. ಇಪ್ಪತ್ತು ಜೋಡಣೆಗಳೂ ಸಾಧ್ಯ, ಆದರೆ ಎಲ್ಲವೂ ಸಮಾನ ಸಂಭವವಲ್ಲ. ಸಂಖ್ಯೆಯನ್ನು ಹತ್ತು ಲಕ್ಷಕ್ಕೆ ಏರಿಸಿದರೆ ಜಾವಾದಲ್ಲಿ ಸಾಮಾನ್ಯವಾಗಿ ಇಪ್ಪತ್ತು ಲಕ್ಷಕ್ಕಿಂತ ಕಡಿಮೆ ಬರುತ್ತದೆ, ಪ್ರತಿ ಸಲ ಬೇರೆ ಬೇರೆ ಸಂಖ್ಯೆ. ಪೈಥಾನಿನ ಈಚಿನ ಆವೃತ್ತಿಗಳಲ್ಲಿ ಆಗಲೂ ಸರಿ ಉತ್ತರವೇ ಬರುವುದುಂಟು. ಅದರ ಸಾಮಾನ್ಯ ಇಂಟರ್‌ಪ್ರಿಟರ್ ಒಮ್ಮೆಗೆ ಒಂದೇ ಥ್ರೆಡ್ಡನ್ನು ಓಡಿಸುತ್ತದೆ, ಕೆಲವೇ ಜಾಗಗಳಲ್ಲಿ ಸರದಿ ಬದಲಿಸುತ್ತದೆ. ಇದನ್ನು ಕಂಡ ವಿದ್ಯಾರ್ಥಿ ‘ಲಾಕ್ ಹಾಕದಿದ್ದರೂ ನಡೆಯುತ್ತದೆ’ ಎಂಬ ತೀರ್ಮಾನಕ್ಕೆ ಬರುತ್ತಾನೆ. ಕಣ್ಣಮುಂದಿನ ಸಾಕ್ಷ್ಯದಿಂದ ಬಂದ ತೀರ್ಮಾನ ಅದು, ಅಳಿಸುವುದು ಕಷ್ಟ.

ಆದ್ದರಿಂದ ಚೀಟಿ ಮೊದಲು, ಲ್ಯಾಬು ನಂತರ. ಲ್ಯಾಬಿನಲ್ಲಿಯೂ ಓದು, ಕೂಡಿಸು, ಬರೆ ಎಂಬುದನ್ನು ಮೂರು ಸಾಲಾಗಿ ಒಡೆದು ಬರೆಸಿ, ಓದುವ ಮತ್ತು ಬರೆಯುವ ಸಾಲುಗಳ ನಡುವೆ ಒಂದು ಚಿಕ್ಕ ಸ್ಲೀಪ್ ಹಾಕಿಸಿದರೆ ಪೈಥಾನಿನಲ್ಲಿಯೂ ತಪ್ಪು ಎದ್ದು ಕಾಣುತ್ತದೆ. ‘ತಪ್ಪು ಬರಲಿ ಅಂತ ನೀವೇ ಸ್ಲೀಪ್ ಹಾಕಿದ್ರಿ’ ಎಂಬ ಆಕ್ಷೇಪ ಖಂಡಿತ ಬರುತ್ತದೆ, ಬರಬೇಕು. ಉತ್ತರ ಅವರ ಕೈಯಲ್ಲೇ ಇದೆ: ಇಪ್ಪತ್ತು ಜೋಡಣೆಗಳ ಪಟ್ಟಿಯಲ್ಲಿ ಸ್ಲೀಪ್ ಎಂಬ ಚೀಟಿ ಇರಲಿಲ್ಲ. ಸ್ಲೀಪ್ ತಪ್ಪನ್ನು ಹುಟ್ಟಿಸುವುದಿಲ್ಲ, ಒಳಗೆ ಇದ್ದದ್ದನ್ನು ಹೊರಗೆ ತರುತ್ತದೆ.

ಒಳಗೇ ಇದ್ದು ಕಾಣದ ತಪ್ಪು ಏನು ಮಾಡಬಲ್ಲದು ಎಂಬುದಕ್ಕೆ ಕೆನಡಾದಲ್ಲಿ ತಯಾರಾದ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದ ಕಥೆಯನ್ನು ಹೇಳಿದೆ. 1985ರಿಂದ 1987ರ ನಡುವೆ ಅಮೆರಿಕ, ಕೆನಡಾಗಳಲ್ಲಿ ಆರು ಮಂದಿಗೆ ಅದರಿಂದ ಮಿತಿಮೀರಿದ ವಿಕಿರಣ ತಗುಲಿತು, ಕೆಲವರು ಸತ್ತರು. ಕಾರಣಗಳಲ್ಲಿ ಒಂದು ರೇಸ್ ಕಂಡೀಷನ್. ಆಪರೇಟರ್ ಚಿಕಿತ್ಸೆಯ ವಿವರ ತುಂಬಿ, ತಪ್ಪಾಗಿದ್ದನ್ನು ಕೆಲವೇ ಸೆಕೆಂಡುಗಳಲ್ಲಿ ತಿದ್ದಿದರೆ, ಯಂತ್ರವನ್ನು ಸಜ್ಜುಗೊಳಿಸುತ್ತಿದ್ದ ಭಾಗಕ್ಕೆ ಆ ತಿದ್ದುಪಡಿ ತಿಳಿಯುತ್ತಿರಲಿಲ್ಲ. ನಿಧಾನವಾಗಿ ಟೈಪ್ ಮಾಡುವವರೆಗೆ ಯಾವ ತೊಂದರೆಯೂ ಇಲ್ಲ. ಆಪರೇಟರುಗಳ ಕೈ ಪಳಗಿ ವೇಗ ಬಂದ ಮೇಲೆ ಅಪಘಾತಗಳಾದವು. ಹಿಂದಿನ ಮಾದರಿಗಳಲ್ಲಿ ಇಂಥದ್ದನ್ನು ತಡೆಯಲು ಇದ್ದ ಹಾರ್ಡ್‌ವೇರ್ ಕೀಲಿಗಳನ್ನು ಇದರಲ್ಲಿ ತೆಗೆದು, ಆ ಕೆಲಸವನ್ನು ಸಾಫ್ಟ್‌ವೇರಿಗೆ ಬಿಟ್ಟಿದ್ದರು. ಕಥೆ ಮುಗಿದಾಗ ಯಾರೂ ಮಾತಾಡಲಿಲ್ಲ.

ಇನ್ನು ಸೆಮಫೋರ್. ಈ ಹೆಸರು ರೈಲಿನ ಕೈಮರದಿಂದ ಬಂದದ್ದು. ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1960ರ ದಶಕದಲ್ಲಿ ಈ ಉಪಾಯ ಕೊಟ್ಟರು. ಅದರ ಎರಡು ಕ್ರಿಯೆಗಳಿಗೆ ಇರುವ ಪಿ ಮತ್ತು ವಿ ಎಂಬ ಹೆಸರುಗಳು ಡಚ್ ಪದಗಳ ಮೊದಲಕ್ಷರಗಳು, ಅದನ್ನು ಹೇಳದಿದ್ದರೆ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಅರ್ಥ ಹುಡುಕಿ ಸೋಲುತ್ತಾರೆ. ಮುಂಬೈ ಕಡೆಯಿಂದ ಬಂದ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ, ಹಾಗಾಗಿ ನಮ್ಮವರಿಗೆ ರೈಲಿನ ಉದಾಹರಣೆ ದೂರದ್ದಲ್ಲ. ಟೋಕನ್ ಪದ್ಧತಿಯ ಒಂಟಿ ಹಳಿಯ ಮಾರ್ಗದಲ್ಲಿ ಎರಡು ನಿಲ್ದಾಣಗಳ ನಡುವಿನ ಹಳಿಗೆ ಒಮ್ಮೆಗೆ ಒಂದೇ ಟೋಕನ್ ಹೊರಗೆ ಬರುತ್ತಿತ್ತು. ಅದು ಕೈಯಲ್ಲಿ ಇಲ್ಲದೆ ಚಾಲಕ ಗಾಡಿ ಬಿಡುವಂತಿರಲಿಲ್ಲ. ಬಳೆಯಂಥ ಚೌಕಟ್ಟಿಗೆ ಸಿಕ್ಕಿಸಿದ ಆ ಟೋಕನ್ನನ್ನು ಓಡುವ ಗಾಡಿಯಿಂದ ಕೊಟ್ಟು ತೆಗೆದುಕೊಳ್ಳುತ್ತಿದ್ದುದನ್ನು ಮನೆಯ ಹಿರಿಯರು ನೋಡಿರುತ್ತಾರೆ. ಹಳಿಯೇ ಕ್ರಿಟಿಕಲ್ ಸೆಕ್ಷನ್, ಟೋಕನ್ನೇ ಲಾಕ್. ಒಂದರ ಬದಲು ನಾಲ್ಕು ಪ್ಲಾಟ್‌ಫಾರಂ ಇದ್ದರೆ ನಾಲ್ಕರಿಂದ ಎಣಿಸುವ ಸೆಮಫೋರ್.

ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬುದನ್ನೂ ಅದೇ ತರಗತಿಯಲ್ಲಿ ಹೇಳಿಬಿಡಬೇಕು. ರೈಲಿನ ಟೋಕನ್ ಯಂತ್ರಗಳು ಎರಡೂ ನಿಲ್ದಾಣಗಳಲ್ಲಿ ವಿದ್ಯುತ್ತಿನಿಂದ ಬೆಸೆದಿರುತ್ತವೆ, ಒಂದು ಹೊರಗಿದ್ದರೆ ಇನ್ನೊಂದು ಬರುವುದೇ ಇಲ್ಲ. ಪ್ರೋಗ್ರಾಂನಲ್ಲಿ ಅಂಥ ಬಲವಂತವಿಲ್ಲ. ಹತ್ತು ಥ್ರೆಡ್‌ಗಳು ಲಾಕ್ ಕೇಳಿ, ಹನ್ನೊಂದನೆಯದು ಕೇಳದೆ ನೇರ ಹಲಗೆಗೆ ಬರೆದರೆ ಯಾರೂ ತಡೆಯುವುದಿಲ್ಲ.

ಡೆಡ್‌ಲಾಕಿಗೆ ಪುಸ್ತಕಗಳಲ್ಲಿ ಐವರು ತತ್ವಜ್ಞಾನಿಗಳು ಎರಡೆರಡು ಫೋರ್ಕ್ ಹಿಡಿದು ಊಟ ಮಾಡುವ ಉದಾಹರಣೆ ಇರುತ್ತದೆ. ಜೋಳದ ರೊಟ್ಟಿ ಕೈಯಲ್ಲಿ ಮುರಿದು ತಿನ್ನುವವರಿಗೆ ಫೋರ್ಕ್ ಯಾಕೆ ಎರಡು ಬೇಕು ಎಂಬಲ್ಲಿಯೇ ಪಾಠ ನಿಲ್ಲುತ್ತದೆ. ಪರೀಕ್ಷೆಗೆ ಅದು ಬೇಕು, ಆದರೆ ಆರಂಭಕ್ಕೆ ಬೇಡ. ಕಾಲುವೆಯಿಂದ ನೀರೆತ್ತಲು ಡೀಸೆಲ್ ಎಂಜಿನ್ನೂ ಬೇಕು, ಪೈಪೂ ಬೇಕು. ಅಕ್ಕಪಕ್ಕದ ಹೊಲದವರು ಎರಡನ್ನೂ ಪಾಲಿನಲ್ಲಿ ಕೊಂಡಿದ್ದಾರೆ. ಒಬ್ಬ ಎಂಜಿನ್ ಒಯ್ದಿದ್ದಾನೆ, ಇನ್ನೊಬ್ಬ ಪೈಪ್ ಒಯ್ದಿದ್ದಾನೆ, ಇಬ್ಬರೂ ಕೊಡದೆ ಕಾಯುತ್ತಾರೆ, ಬೆಳೆ ಒಣಗುತ್ತದೆ. ‘ಯಾರೇ ಆಗಲಿ ಮೊದಲು ಎಂಜಿನ್, ಆಮೇಲೆ ಪೈಪ್’ ಎಂಬ ಒಂದೇ ನಿಯಮದಿಂದ ಜಗಳ ಹರಿಯುತ್ತದೆ. ಸುತ್ತುಗಟ್ಟಿ ಕಾಯುವ ಷರತ್ತನ್ನು ಮುರಿಯುವುದು ಎಂದರೆ ಇದೇ.

ರಿಯಲ್ ಟೈಮ್ ಪ್ರೋಗ್ರಾಮಿಂಗ್ ಬಂದಾಗ ಇನ್ನೊಂದು ತಪ್ಪುಗ್ರಹಿಕೆ ಎದುರಾಗುತ್ತದೆ: ರಿಯಲ್ ಟೈಮ್ ಎಂದರೆ ಬಹಳ ವೇಗ. ಹಾಗಲ್ಲ, ಗಡುವಿನೊಳಗೆ ಎಂದರ್ಥ. ಗಡುವು ಎಷ್ಟು ಎಂಬುದನ್ನು ಕೆಲಸವೇ ಹೇಳುತ್ತದೆ. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ 210 ಮೆಗಾವಾಟಿನ ಏಳು, 250 ಮೆಗಾವಾಟಿನ ಒಂದು, ಒಟ್ಟು 1720 ಮೆಗಾವಾಟಿನ ಎಂಟು ಘಟಕಗಳಿವೆ. ಅಲ್ಲಿನ ಟರ್ಬೈನ್ ನಿಮಿಷಕ್ಕೆ 3000 ಸುತ್ತು, ಅಂದರೆ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಬರುವುದು ಇದರಿಂದಲೇ. ವೇಗ ಮಿತಿ ಮೀರಿದರೆ ಉಗಿ ನಿಲ್ಲಿಸುವ ನಿರ್ಧಾರ ಒಂದು ಸೆಕೆಂಡು ತಡವಾದರೂ ಐವತ್ತಕ್ಕೂ ಹೆಚ್ಚು ಸುತ್ತು ಕಳೆದುಹೋಗಿರುತ್ತದೆ. ಇನ್ನೊಂದು ಕಡೆ ನಾರಾಯಣಪುರ ಎಡದಂಡೆ ಕಾಲುವೆ. ಅದರ ಆಧುನೀಕರಣ ಯೋಜನೆ 2023ರ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಉದ್ಘಾಟನೆಯಾಯಿತು, ಗೇಟುಗಳನ್ನು ದೂರದಿಂದಲೇ ಕಂಪ್ಯೂಟರಿನಿಂದ ನಿಯಂತ್ರಿಸುವ ವ್ಯವಸ್ಥೆ ಅಲ್ಲಿದೆ. ನಮ್ಮ ದೇವದುರ್ಗಕ್ಕೆ ನೀರು ಕೊಡುವ ಬಲದಂಡೆ ಅದೇ ಅಣೆಕಟ್ಟಿನ ಇನ್ನೊಂದು ಬದಿ. ಕಾಲುವೆಯ ಗೇಟು ಒಂದು ಸೆಕೆಂಡು ತಡವಾಗಿ ಅಲುಗಿದರೆ ಯಾವ ಹೊಲಕ್ಕೂ ಗೊತ್ತಾಗುವುದಿಲ್ಲ. ಎರಡೂ ಗಡುವಿನ ಕೆಲಸಗಳೇ, ಗಡುವು ಮಾತ್ರ ಬೇರೆ.

ಲಾಕ್ ಮತ್ತು ಗಡುವು ಒಂದಕ್ಕೊಂದು ಹೇಗೆ ಸಿಕ್ಕಿಕೊಳ್ಳುತ್ತವೆ ಎಂಬುದಕ್ಕೆ 1997ರ ಜುಲೈ 4ರಂದು ಮಂಗಳನ ಮೇಲಿಳಿದ ಪಾಥ್‌ಫೈಂಡರ್ ನೌಕೆ ಇದೆ. ಕೆಲವು ದಿನಗಳಲ್ಲಿ ಅದರ ಕಂಪ್ಯೂಟರ್ ಮತ್ತೆ ಮತ್ತೆ ತಾನೇ ರೀಸೆಟ್ ಆಗತೊಡಗಿತು. ಹವಾಮಾನದ ಮಾಹಿತಿ ಕೂಡಿಸುವ ಕಡಿಮೆ ಆದ್ಯತೆಯ ಕೆಲಸವೊಂದು ಲಾಕ್ ಹಿಡಿದಿತ್ತು. ಅತಿ ಮುಖ್ಯ ಕೆಲಸ ಆ ಲಾಕಿಗಾಗಿ ಕಾಯುತ್ತಿತ್ತು. ನಡುವಿನ ಆದ್ಯತೆಯ ಬೇರೊಂದು ಕೆಲಸ ಬಂದು, ಲಾಕ್ ಹಿಡಿದವನನ್ನೇ ಪಕ್ಕಕ್ಕೆ ಸರಿಸಿ ಓಡಿತು. ಗಡುವು ಮೀರಿತು, ಕಾವಲು ಗಡಿಯಾರ ರೀಸೆಟ್ ಮಾಡಿತು. ಲಾಕ್ ಹಿಡಿದಿರುವಷ್ಟು ಹೊತ್ತು, ಕಾಯುತ್ತಿರುವವನ ಆದ್ಯತೆಯನ್ನು ಹಿಡಿದವನಿಗೆ ಕೊಡುವ ಸೌಲಭ್ಯ ಆ ಆಪರೇಟಿಂಗ್ ಸಿಸ್ಟಂನಲ್ಲಿ ಮೊದಲೇ ಇತ್ತು. ಭೂಮಿಯಿಂದ ಅದನ್ನು ಚಾಲೂ ಮಾಡಿದ ಮೇಲೆ ಸರಿಹೋಯಿತು.

ಮೌಲ್ಯಮಾಪನದ ಬಗ್ಗೆ ಒಂದು ಮಾತು. ‘ರೇಸ್ ಕಂಡೀಷನ್ ಎಂದರೇನು?’ ಎಂಬ ಪ್ರಶ್ನೆಗೆ ಪೂರ್ಣ ಅಂಕ ಪಡೆದವರಿಗೂ ಅದು ತಿಳಿದಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅದೇ ಐದು ಅಂಕಕ್ಕೆ ‘ಹಲಗೆಯ ಮೇಲೆ 60 ಉಳಿಯುವ ಒಂದು ಜೋಡಣೆ ಬರೆಯಿರಿ’ ಎಂದು ಕೇಳಿದರೆ ಗೊತ್ತಾಗುತ್ತದೆ, ಉತ್ತರವೂ ಒಂದೇ ಸಾಲು. ಸ್ವಲ್ಪ ಮುಂದಿರುವವರಿಗೆ ನಾನು ಕೊಟ್ಟ ಪ್ರಶ್ನೆ ಹಳೆಯದೊಂದು ಒಗಟು: ಎಣಿಕೆ ಸೊನ್ನೆಯಿಂದ ಆರಂಭ, ಲಾಕ್ ಇಲ್ಲದೆ ಎರಡು ಥ್ರೆಡ್‌ಗಳು ನೂರು ನೂರು ಸಲ ಒಂದೊಂದು ಕೂಡಿಸುತ್ತವೆ, ಕೊನೆಯಲ್ಲಿ ಬರಬಹುದಾದ ಅತಿ ಚಿಕ್ಕ ಸಂಖ್ಯೆ ಯಾವುದು? ಏಳೂ ಮಂದಿ ನೂರು ಎಂದರು. ಅದು ಎರಡು. ಮೊದಲನೆಯದು 0 ಓದಿ ನಿಲ್ಲಲಿ. ಎರಡನೆಯದು ತೊಂಬತ್ತೊಂಬತ್ತು ಸಲ ಕೂಡಿಸಿ ಮುಗಿಸಲಿ. ಈಗ ಮೊದಲನೆಯದು ತನ್ನ 1 ಬರೆಯಲಿ, ಆ ತೊಂಬತ್ತೊಂಬತ್ತೂ ಹೋದವು. ಎರಡನೆಯದು ತನ್ನ ನೂರನೆಯ ಸುತ್ತಿಗೆ ಆ 1 ಓದಿ ನಿಲ್ಲಲಿ. ಮೊದಲನೆಯದು ಉಳಿದ ತೊಂಬತ್ತೊಂಬತ್ತನ್ನೂ ಮುಗಿಸಿ 100 ಬರೆಯಲಿ. ಕೊನೆಗೆ ಎರಡನೆಯದು ಎದ್ದು ಬಂದು, ಅದನ್ನು ಒರೆಸಿ, 2 ಎಂದು ಬರೆಯುತ್ತದೆ.