ಕಪ್ಪು ಪರದೆಯ ಮೂರು ಕೆಲಸದಾಳುಗಳು

ಜಾಲ್ಸೂರು ಜಂಕ್ಷನ್‌ನಲ್ಲಿ ಸುಳ್ಯದ ಬಸ್ಸಿಗೆ ಕಾಯುವ ಇಂಜಿನಿಯರಿಂಗ್ ಮಕ್ಕಳ ಬಾಯಲ್ಲಿ ಈಗ ‘ಏಜೆಂಟ್’ ಎಂಬ ಮಾತು ಕೇಳ್ತದೆ. ನಮ್ಮ ಕಡೆ ಏಜೆಂಟ್ ಅಂದರೆ ಗಲ್ಫಿಗೆ ವೀಸಾ ಮಾಡಿಸಿಕೊಡುವವ, ಇಲ್ಲದಿದ್ದರೆ ಎಲ್‌ಐಸಿಯವ. ಇದು ಅದಲ್ಲ.

ಮೊಬೈಲಿನ ಚಾಟ್‌ಜಿಪಿಟಿ ಕೇಳಿದ್ದಕ್ಕೆ ಉತ್ತರ ಕೊಡ್ತದೆ. ಏಜೆಂಟ್ ಕೆಲಸವನ್ನೇ ಮಾಡ್ತದೆ. ಕಂಪ್ಯೂಟರಿನಲ್ಲಿ ಕಮಾಂಡ್ ಲೈನ್ ಅಥವಾ ಟರ್ಮಿನಲ್ ಎಂಬ ಕಪ್ಪು ಪರದೆ ಉಂಟಲ್ಲ, ಮೌಸ್ ಇಲ್ಲದೆ ಬರೀ ಟೈಪ್ ಮಾಡಿ ಅಪ್ಪಣೆ ಕೊಡುವುದು, ಅಲ್ಲಿ ಕೂತು ಇದು ಫೋಲ್ಡರಿನ ಫೈಲುಗಳನ್ನು ಓದಿ, ತಿದ್ದಿ, ತಾನೇ ಓಡಿಸಿ ಪರೀಕ್ಷಿಸುತ್ತದೆ. 2025ರ ಫೆಬ್ರವರಿಯಲ್ಲಿ ಆಂತ್ರೋಪಿಕ್‌ನ ಕ್ಲಾಡ್ ಕೋಡ್ ಬಂತು, ಏಪ್ರಿಲ್‌ನಲ್ಲಿ ಓಪನ್‌ಎಐಯ ಕೋಡೆಕ್ಸ್, ಜೂನ್‌ನಲ್ಲಿ ಗೂಗಲ್‌ನ ಜೆಮಿನಿ ಸಿಎಲ್‌ಐ.

ಒಂದು ಏಜೆಂಟ್ ಕೆಲಸ ಮಾಡುವಾಗ ಸುಮ್ಮನೆ ಕಾಯುವುದು ಯಾಕೆ ಎಂದು ಮಕ್ಕಳು ಮೂರು ನಾಲ್ಕನ್ನು ಒಟ್ಟಿಗೇ ಹಚ್ಚುತ್ತಾರೆ. ಕಷ್ಟ ಶುರುವಾಗುವುದು ಅಲ್ಲಿಂದಲೇ.

ಒಂದು ಜಮಾಅತಿನ ಲೆಕ್ಕಕ್ಕೆ ತಂತ್ರಾಂಶ ಮಾಡ್ಲಿಕ್ಕೆ ಉಂಟು ಎಂದಿಟ್ಟುಕೊಳ್ಳಿ. ಒಂದು ಏಜೆಂಟಿಗೆ ವಂತಿಗೆಯ ರಶೀದಿ, ಇನ್ನೊಂದಕ್ಕೆ ಬಾಕಿದಾರರ ಪಟ್ಟಿ, ಮೂರನೆಯದಕ್ಕೆ ನಿಕಾಹ್ ರಿಜಿಸ್ಟರ್. ಮೂರೂ ಒಂದೇ ಫೋಲ್ಡರಿನಲ್ಲಿ ಕೂತರೆ ಒಂದು ಬರೆದದ್ದನ್ನು ಇನ್ನೊಂದು ಅಳಿಸ್ತದೆ. ಅಡಿಕೆ ಸುಲಿಯುವ ಮನೆಯಲ್ಲಿ ನೋಡಿ, ಒಬ್ಬೊಬ್ಬರ ಮುಂದೆ ಒಂದೊಂದು ಬುಟ್ಟಿ. ಎಲ್ಲರೂ ಒಂದೇ ರಾಶಿಗೆ ಹಾಕಿದರೆ ಒಳ್ಳೆ ಅಡಿಕೆಗೆ ಪಟೋರ, ಕರಿಗೋಟು ಬೆರೆಸಿದ್ದು ಯಾರೆಂದು ಗೊತ್ತಾಗುವುದಿಲ್ಲ. ಸುಲಿದ ಕಿಲೋ ಮೇಲೆ ಕೂಲಿಯಾದ್ದರಿಂದ ಜಗಳವೂ ಖಂಡಿತ.

ಬುಟ್ಟಿ ಬೇರೆ ಮಾಡುವ ಉಪಾಯ ಹಳೆಯದೇ. ಲಿನಕ್ಸ್ ಖ್ಯಾತಿಯ ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಮಾಡಿದ ಗಿಟ್ ಎಂಬ ತಂತ್ರಾಂಶ ಪ್ರತಿ ತಿದ್ದುಪಡಿಯ ಚರಿತ್ರೆ ಇಡುತ್ತದೆ. ಅದಕ್ಕೆ 2015ರಲ್ಲಿ ಸೇರಿದ ‘ವರ್ಕ್‌ಟ್ರೀ’ಯಿಂದ ಒಂದೇ ಚರಿತ್ರೆಯ ಮೇಲೆ ಬೇರೆ ಬೇರೆ ಫೋಲ್ಡರ್ ಮಾಡಬಹುದು. ಏಜೆಂಟಿಗೊಂದು ಫೋಲ್ಡರ್, ಒಂದು ಶಾಖೆ. ಕೆಲಸ ಸರಿಯಾದರೆ ಮೂಲಕ್ಕೆ ಸೇರಿಸುವುದು, ಇಲ್ಲದಿದ್ದರೆ ಆ ಫೋಲ್ಡರನ್ನೇ ಎಸೆಯುವುದು. ಟಿಮಕ್ಸ್ ಎಂಬ ಇನ್ನೊಂದು ಸಾಧನ ಪರದೆಯನ್ನು ಕಿಟಕಿಗಳಾಗಿ ಹಂಚಿ ಎಲ್ಲವನ್ನೂ ಒಟ್ಟಿಗೆ ತೋರಿಸ್ತದೆ. ದೂರದ ಸರ್ವರಿನಲ್ಲಿ ಅದರೊಳಗೆ ಹಚ್ಚಿಟ್ಟರೆ, ನಮ್ಮ ಮಳೆಗಾಲದಲ್ಲಿ ಕರೆಂಟ್ ಹೋಗಿ ನೆಟ್ ಕಡಿದರೂ ಕೆಲಸ ನಿಲ್ಲುವುದಿಲ್ಲ. ಸುಳ್ಯ ತಾಲೂಕಿನವರಿಗೆ ಇದಕ್ಕಿಂತ ದೊಡ್ಡ ಉಪಕಾರ ಎಂತ ಬೇಕು!

ಇನ್ನೊಂದು ಸಂಗತಿ. ಏಜೆಂಟಿಗೆ ನಿನ್ನೆಯ ಮಾತು ಇವತ್ತು ತಾನಾಗಿ ನೆನಪಿರುವುದಿಲ್ಲ. ಆದ್ದರಿಂದ ಫೋಲ್ಡರಿನಲ್ಲೇ ಒಂದು ನಿಯಮದ ಫೈಲ್ ಬರೆದಿಡುತ್ತಾರೆ: ಯಾವುದನ್ನು ಮುಟ್ಟಬಾರದು, ಯಾವ ಪರೀಕ್ಷೆ ಪಾಸಾಗಬೇಕು, ಎಲ್ಲಿ ನಿಂತು ಕೇಳಬೇಕು. ‘ಚೆಂದ ಮಾಡು’ ಎಂದರೆ ಅದಕ್ಕೆ ತೋಚಿದ ಚೆಂದ ಬರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ಕೆಲಸ ಓದುವುದು. ಅದೇ ದೊಡ್ಡದು. ಮೂರು ಏಜೆಂಟ್ ಹತ್ತು ನಿಮಿಷದಲ್ಲಿ ಬರೆದದ್ದನ್ನು ಓದಿ ನೋಡಲು ಒಬ್ಬನಿಗೆ ಗಂಟೆಗಟ್ಟಲೆ ಬೇಕು. ಮದ್ರಸದಲ್ಲಿ ಪಾಠ ಹೇಳಿಕೊಡುವುದು ಬೇಗ ಆಗ್ತದೆ, ಮೂವತ್ತು ಮಕ್ಕಳಿಂದ ಒಬ್ಬೊಬ್ಬರಾಗಿ ಒಪ್ಪಿಸಿಕೊಳ್ಳಲಿಕ್ಕೇ ಹೊತ್ತು ಬೇಕು. ಕೆಲವೊಮ್ಮೆ ಏಜೆಂಟ್ ತಪ್ಪನ್ನು ಸರಿಪಡಿಸುವ ಬದಲು ಪರೀಕ್ಷೆಯನ್ನೇ ತಿದ್ದಿ ‘ಪಾಸಾಯಿತು’ ಅನ್ನುವುದೂ ಉಂಟು. ಓದದವನಿಗೆ ಅದು ಗೊತ್ತೇ ಆಗುವುದಿಲ್ಲ.

ಅಪಾಯಕರ ಅಪ್ಪಣೆಯ ಮೊದಲು ಏಜೆಂಟ್ ‘ಮಾಡಲಾ?’ ಎಂದು ಕೇಳ್ತದೆ. ನಾಲ್ಕು ಕಿಟಕಿಯಿಂದಲೂ ಅದೇ ಪ್ರಶ್ನೆ ಬಂದರೆ ಬೇಸರ ಬಂದು ಹುಡುಗರು ಕೇಳುವುದನ್ನೇ ಬಂದ್ ಮಾಡಿಬಿಡ್ತಾರೆ. 2025ರ ಜುಲೈಯಲ್ಲಿ ಅಮೆರಿಕದ ಉದ್ಯಮಿ ಜೇಸನ್ ಲೆಮ್ಕಿನ್ ರೆಪ್ಲಿಟ್ ಎಂಬ ಕಂಪನಿಯ ಏಜೆಂಟನ್ನು ಬಳಸುತ್ತಿದ್ದಾಗ, ಏನನ್ನೂ ಬದಲಿಸಬೇಡ ಎಂದು ಹೇಳಿದ್ದರೂ ಅದು ಚಾಲ್ತಿಯಲ್ಲಿದ್ದ ಡೇಟಾಬೇಸನ್ನೇ ಅಳಿಸಿತು. ವಾಪಸ್ ತರಲು ಆಗುವುದಿಲ್ಲ ಎಂದೂ ಹೇಳಿತು. ಆಮೇಲೆ ಅವರು ನೋಡಿದರೆ ತರಲಿಕ್ಕೆ ಆಗ್ತಿತ್ತು. ಕಂಪನಿಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು.

ಹಾಗಾಗಿ ಜಮಾಅತಿನ ಕೆಲಸಕ್ಕೆ ಕೈಹಾಕುವ ಮಕ್ಕಳಿಗೆ ಒಂದು ಮಾತು ಬಿಗಿಯಾಗಿಯೇ ಹೇಳಬೇಕು. ಯಾರ ಮನೆಯ ವಂತಿಗೆ ಬಾಕಿ, ಯಾರ ತಲಾಖ್ ಆಗಿದೆ, ಯಾವ ವಿಧವೆಗೆ ಝಕಾತ್ ಹೋಗಿದೆ, ಇದೆಲ್ಲ ಅಮಾನತ್. ನೀವು ಕೂತದ್ದು ಜಾಲ್ಸೂರಿನಲ್ಲಾದರೂ ಏಜೆಂಟ್ ಓದಿದ ಫೈಲ್ ಕಂಪನಿಯ ಸರ್ವರಿಗೆ ಹೋಗ್ತದೆ. ಸುಳ್ಳು ಹೆಸರು ಹಾಕಿದ ಪ್ರತಿಯ ಮೇಲೆ ಪರೀಕ್ಷಿಸಿ, ಅಸಲು ಪುಸ್ತಕ ಆ ಫೋಲ್ಡರಿನ ಹತ್ತಿರವೂ ಇರಬಾರದು.

ಖರ್ಚೂ ಉಂಟು. ಓದಿದ, ಬರೆದ ಪ್ರತಿಯೊಂದೂ ಟೋಕನ್ ಲೆಕ್ಕಕ್ಕೆ ಬೀಳ್ತದೆ, ಮೂರು ಏಜೆಂಟ್ ಅಂದರೆ ಮೂರು ಸಂಬಳ. ಒಂದೇ ವಿಷಯವನ್ನು ಕನ್ನಡದಲ್ಲಿ ಬರೆದರೆ ಇಂಗ್ಲಿಷಿಗಿಂತ ಹೆಚ್ಚು ಟೋಕನ್ ತಿನ್ನುತ್ತದೆ, ಇದು ನಮ್ಮ ಭಾಷೆಗೆ ಆಗುವ ಅನ್ಯಾಯವೇ. ಕಲಿಯುವವರು ಎರಡರಿಂದ ಶುರು ಮಾಡಲಿ. ಒಂದು ಬರೆಯಲಿ, ಇನ್ನೊಂದು ಅದರಲ್ಲಿ ತಪ್ಪು ಹುಡುಕಲಿ. ಹುಡುಕಿದ ತಪ್ಪು ನಿಜವಾ ಎಂದು ‘ಗಿಟ್ ಡಿಫ್’ ಒತ್ತಿ, ಸಾಲು ಸಾಲಾಗಿ ಸ್ವತಃ ಓದಲಿ. ಮೂರನೆಯ ಕಿಟಕಿ ಆಮೇಲೆ ತೆರೆಯಬಹುದು.