ಇಲ್ಲದ್ದನ್ನು ಕಾಣುವ ಮಿದುಳು

ಮಂಗಳೂರಿನವರಿಗೆ ಬಾಸೆಲ್ ಹೊಸ ಹೆಸರಲ್ಲ. ಹಂಚಿನ ಕಾರ್ಖಾನೆ, ಬಲ್ಮಠದ ಅಚ್ಚುಕೂಟ, ಕಿಟ್ಟೆಲ್ ನಿಘಂಟು ಎಲ್ಲದರ ಹಿಂದೆಯೂ ಸ್ವಿಟ್ಜರ್ಲೆಂಡಿನ ಆ ನಗರದ ಮಿಶನ್ ಇದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ ಮಂಗಳೂರಿನಿಂದ ಹೊರಡಿಸಿದ್ದು 1843ರಲ್ಲಿ. ಅದಾಗಿ ನೂರು ವರ್ಷಕ್ಕೆ, 1943ರ ಏಪ್ರಿಲ್ 19ರಂದು, ಅದೇ ಬಾಸೆಲ್‌ನಲ್ಲಿ ಸ್ಯಾಂಡೋಜ್ ಔಷಧ ಕಂಪನಿಯ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ ತಾವೇ ತಯಾರಿಸಿದ್ದ ವಸ್ತುವೊಂದನ್ನು ಸೇವಿಸಿ, ಸ್ವಲ್ಪ ಹೊತ್ತಿನಲ್ಲೇ ಸೈಕಲ್ ಹತ್ತಿ ಮನೆಗೆ ಹೊರಟರು. ದಾರಿಯುದ್ದಕ್ಕೂ ನೋಟ ಅಲೆಯಲೆಯಾಗಿ ಸೊಟ್ಟಗಾಯಿತು. ಮನೆಯಲ್ಲಿ ಹಾಲು ತಂದುಕೊಟ್ಟ ನೆರೆಮನೆಯಾಕೆ ಬಣ್ಣದ ಮುಖವಾಡ ತೊಟ್ಟ ಮಾಟಗಾತಿಯಂತೆ ಕಂಡರು. ಭಯ ಇಳಿದ ಮೇಲೆ, ಮುಚ್ಚಿದ ಕಣ್ಣೊಳಗೆ ವರ್ತುಲಗಳೂ ಸುರುಳಿಗಳೂ ಅರಳಿ ಮುಚ್ಚಿಕೊಳ್ಳತೊಡಗಿದವು. ಬಾಗಿಲ ಹಿಡಿಯ ಸದ್ದಿಗೂ ಒಂದು ಬಣ್ಣ, ಒಂದು ಆಕಾರ.

ಅವರು ಸೇವಿಸಿದ್ದು 0.25 ಮಿಲಿಗ್ರಾಂ ಎಲ್‌ಎಸ್‌ಡಿ. ಒಂದು ಅಕ್ಕಿ ಕಾಳಿನ ತೂಕದಲ್ಲಿ ಸುಮಾರು ನೂರನೇ ಒಂದು ಪಾಲು. ಇಷ್ಟು ಚಿಕ್ಕದೊಂದು ಇಷ್ಟು ದೊಡ್ಡ ಲೋಕವನ್ನು ಎಲ್ಲಿಂದ ತಂದಿತು?

ತರಲಿಲ್ಲ. ಅದು ಮಿದುಳಿನಲ್ಲೇ ಇತ್ತು.

ಕಣ್ಣು ಚಿತ್ರ ಹಿಡಿಯುತ್ತದೆ, ಮಿದುಳು ಅದನ್ನು ನೋಡುತ್ತದೆ ಎಂದು ನಾವು ತಿಳಿದಿರುತ್ತೇವೆ. ಆದರೆ ಕಣ್ಣಿನಿಂದ ಬರುವ ಮಾಹಿತಿ ಅರೆಬರೆ. ಉಳಿದದ್ದನ್ನು ಮಿದುಳು ಹಳೆಯ ಅನುಭವದಿಂದ ಊಹಿಸಿ ತುಂಬುತ್ತದೆ. ಆಟಿಯ ಮಳೆಯಲ್ಲಿ ಕರೆಂಟು ಹೋದ ರಾತ್ರಿ, ಜಗಲಿಯ ಹಗ್ಗದ ಮೇಲೆ ಒಣಹಾಕಿದ ಅಂಗಿ ನಿಂತ ಮನುಷ್ಯನಾಗಿ ಕಾಣುವುದು ಈ ಊಹೆಯಿಂದಲೇ. ಟಾರ್ಚ್ ಬಿಟ್ಟ ಕೂಡಲೇ ಮಿದುಳು ತಿದ್ದಿಕೊಳ್ಳುತ್ತದೆ. ನಮ್ಮ ದಿನನಿತ್ಯದ ನೋಟವೆಲ್ಲ ಹೀಗೆ ಕ್ಷಣಕ್ಷಣಕ್ಕೂ ತಿದ್ದಿಸಿಕೊಳ್ಳುವ ಊಹೆ.

ಎಲ್‌ಎಸ್‌ಡಿ ಮತ್ತು ಕೆಲವು ಅಣಬೆಗಳಲ್ಲಿರುವ ಸಿಲೋಸೈಬಿನ್ ಕೈಹಾಕುವುದು ಈ ಊಹೆ-ತಿದ್ದುಪಡಿಯ ಏರ್ಪಾಟಿಗೆ. ನರಕೋಶಗಳ ಮೇಲೆ ಸೆರೊಟೋನಿನ್ ಎಂಬ ರಾಸಾಯನಿಕ ಬಂದು ಕೂರುವ ಹಲವು ಬಗೆಯ ಗ್ರಾಹಕಗಳಿವೆ. ಅವುಗಳಲ್ಲಿ 5-ಎಚ್‌ಟಿ2ಎ ಎಂಬ ಬಗೆ ಮಿದುಳಿನ ಹೊರಪದರದಲ್ಲಿ ದಟ್ಟವಾಗಿದೆ. ಈ ವಸ್ತುಗಳು ಅದನ್ನೇ ಕೆರಳಿಸುತ್ತವೆ. ಅದನ್ನು ಮೊದಲೇ ತಡೆಯುವ ಕೆಟಾನ್ಸೆರಿನ್ ಕೊಟ್ಟರೆ ಸಿಲೋಸೈಬಿನ್‌ನ ಭ್ರಮೆಗಳು ಹುಟ್ಟುವುದಿಲ್ಲವೆಂದು ಜ್ಯೂರಿಕ್‌ನ ಸಂಶೋಧಕರು 1998ರಲ್ಲಿ ತೋರಿಸಿದರು. 2016ರಲ್ಲಿ ಲಂಡನ್ನಿನಲ್ಲಿ ಎಲ್‌ಎಸ್‌ಡಿ ಪಡೆದ ಸ್ವಯಂಸೇವಕರ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಅವರ ಕಣ್ಣು ಮುಚ್ಚಿದ್ದರೂ ದೃಷ್ಟಿ ವಲಯವು ಎಂದಿಗಿಂತ ಹೆಚ್ಚಾಗಿ ಮಿದುಳಿನ ಇತರ ಭಾಗಗಳೊಡನೆ ಬೆಸೆದುಕೊಂಡಿತ್ತು. ಒಳಗಿನ ನೆನಪು, ಭಾವ, ಕಲ್ಪನೆಗಳು ನೋಟವಾಗಿಬಿಡುವುದು ಹೀಗೆ.

ಆದರೆ ಆ ಸುರುಳಿಗಳು ಯಾರ ನೆನಪು? ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಇದಕ್ಕಿಂತ ಸೊಗಸಾದ ಭಾಗವಿಲ್ಲ. 1920ರ ದಶಕದಲ್ಲಿ ಹೈನ್‌ರಿಚ್ ಕ್ಲೂವರ್ ಎಂಬ ಮನಶ್ಶಾಸ್ತ್ರಜ್ಞ, ಮೆಸ್ಕಲಿನ್ ಎಂಬ ಇಂಥದೇ ವಸ್ತುವನ್ನು ಸೇವಿಸಿದವರಿಗೆ ಕಾಣುವ ಜ್ಯಾಮಿತಿಯ ಆಕೃತಿಗಳು ನಾಲ್ಕೇ ಗುಂಪಿಗೆ ಸೇರುತ್ತವೆ ಎಂದು ಗುರುತಿಸಿದರು: ಸುರಂಗ, ಸುರುಳಿ, ಜೇನುಗೂಡಿನಂಥ ಜಾಲಂದ್ರ, ಜೇಡರಬಲೆ. ಕಾರಣವನ್ನು ಗಣಿತ ಹೇಳಿತು. ಕಣ್ಣಿನ ಪರದೆಯ ಚಿತ್ರ ಮಿದುಳಿನ ದೃಷ್ಟಿ ವಲಯದಲ್ಲಿ ಇದ್ದ ಹಾಗೇ ಮೂಡುವುದಿಲ್ಲ. ನಟ್ಟನಡುವಿನ ಭಾಗಕ್ಕೆ ಅಲ್ಲಿ ವಿಶಾಲ ಜಾಗ, ಅಂಚಿನದಕ್ಕೆ ಕಿರಿದು. ಈ ಹಿಗ್ಗು-ಕುಗ್ಗಿನಿಂದಾಗಿ ಕಣ್ಣಿನ ವೃತ್ತಗಳು ಮಿದುಳಿನಲ್ಲಿ ನೇರ ಗೆರೆಗಳಾಗುತ್ತವೆ, ಸುರುಳಿಗಳು ಓರೆ ಗೆರೆಗಳಾಗುತ್ತವೆ. ದೃಷ್ಟಿ ವಲಯದ ಕೋಶಗಳು ಸಮತೋಲ ತಪ್ಪಿದರೆ ಅವುಗಳ ಚಟುವಟಿಕೆ ತಾನಾಗಿ ಪಟ್ಟೆಪಟ್ಟೆಯಾಗಿ ಏಳುತ್ತದೆಂದು ಬಾರ್ಡ್ ಎರ್ಮೆಂಟ್ರೌಟ್ ಮತ್ತು ಜ್ಯಾಕ್ ಕೋವನ್ 1979ರಲ್ಲಿ ಲೆಕ್ಕಹಾಕಿ ತೋರಿಸಿದರು. ಮಿದುಳಿನೊಳಗಿನ ಓರೆ ಪಟ್ಟೆ ನೋಡುವವನಿಗೆ ಸುರುಳಿ, ನೇರ ಪಟ್ಟೆ ಸುರಂಗ. ಹಾಗಾಗಿ ಅನೇಕರು ಬೇರೊಂದು ಲೋಕದ ದ್ವಾರವೆಂದು ಬಣ್ಣಿಸುವ ಆ ಸುರಂಗ, ನಮ್ಮೆಲ್ಲರ ತಲೆಯಲ್ಲೂ ಇರುವ ನರಗಳ ಜೋಡಣೆಯ ಚಿತ್ರ.

ಅರ್ಥದ ಮಾತು ಇನ್ನೂ ಸೂಕ್ಷ್ಮ. ಈ ಅನುಭವ ಪಡೆದವರು ‘ಇದು ನಿಜಕ್ಕಿಂತ ನಿಜ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ‘ಇದು ಸತ್ಯ’ ಎಂಬ ಗಾಢ ಭಾವವನ್ನೂ ಮಿದುಳೇ ಉಂಟುಮಾಡುವುದರಿಂದ, ಔಷಧ ಆ ಭಾವವನ್ನೂ ಉಬ್ಬಿಸಬಲ್ಲದು. ಕಂಡದ್ದು ಹೊರಲೋಕದ ವರ್ತಮಾನವಲ್ಲ. ಅದರಲ್ಲಿ ಎದ್ದುಬರುವ ದುಃಖ, ಪ್ರೀತಿ, ಅಪರಾಧಭಾವ ಮಾತ್ರ ಕಂಡವರ ಸ್ವಂತದ್ದೇ. ಅದಕ್ಕೊಂದು ರೂಪ ಕೊಡುವುದು ಅವರು ಬೆಳೆದ ಸಮಾಜ. ಪೆಯೋಟಿ ಎಂಬ ಕಳ್ಳಿಯಲ್ಲಿರುವ ಅದೇ ಮೆಸ್ಕಲಿನ್ ಆಚರಣೆಯೊಳಗಿದ್ದ ಅಮೆರಿಕದ ಮೂಲನಿವಾಸಿಗಳಿಗೆ ಭಕ್ತಿಯ ಅನುಭವ ಕೊಟ್ಟರೆ, ಪ್ರಯೋಗಕ್ಕೆ ಕೂತ ಬಿಳಿಯರಿಗೆ ಬೇರೆಯೇ ಬಗೆಯ ಅನುಭವ ಕೊಟ್ಟಿತೆಂದು ಮಾನವಶಾಸ್ತ್ರಜ್ಞ ಆಂಥೊನಿ ವ್ಯಾಲೇಸ್ 1959ರಲ್ಲೇ ಬರೆದರು.

ತುಳುನಾಡಿನಲ್ಲಿ ಈ ಮಾತು ಬಂದಾಗ ಕೆಲವರು ಕೋಲದ ಆವೇಶವನ್ನೂ ಇದೇ ಪಟ್ಟಿಗೆ ಸೇರಿಸಿಬಿಡುತ್ತಾರೆ. ಅದು ಸರಿಯಲ್ಲ. ಅಲ್ಲಿ ವ್ರತವಿದೆ, ವರ್ಷಗಳ ಅಭ್ಯಾಸವಿದೆ, ಪಾಡ್ದನವಿದೆ, ಊರಿಗೆ ಊರೇ ಒಪ್ಪಿಕೊಂಡ ಕಟ್ಟಳೆಯಿದೆ. ಔಷಧದ ಭ್ರಮೆಯ ಅಳತೆಗೋಲು ಅದಕ್ಕೆ ಹೊಂದುವುದಿಲ್ಲ.

ನಮ್ಮ ಬೇಲಿ ಬದಿಯ ಉಮ್ಮತ್ತದ ಬಗ್ಗೆ ಮಾತ್ರ ಎಚ್ಚರ ಬೇಕು. ಶಿವನಿಗೆ ಏರಿಸುವ ಈ ಹೂವಿನ ಗಿಡದಲ್ಲಿ ಅಟ್ರೋಪಿನ್, ಸ್ಕೋಪೋಲಮಿನ್ ಇವೆ. ಇವು ಅಸಿಟೈಲ್‌ಕೋಲಿನ್ ಎಂಬ ಬೇರೊಂದು ರಾಸಾಯನಿಕವನ್ನು ತಡೆಯುತ್ತವೆ. ಎಲ್‌ಎಸ್‌ಡಿಯಲ್ಲಿ ‘ಇದು ಔಷಧದ ಪರಿಣಾಮ’ ಎಂಬ ಅರಿವು ಸಾಮಾನ್ಯವಾಗಿ ಉಳಿದಿರುತ್ತದೆ. ಉಮ್ಮತ್ತದಲ್ಲಿ ಆ ಅರಿವೇ ಹೋಗುತ್ತದೆ. ಎದುರಿಗೆ ಇಲ್ಲದವರೊಡನೆ ಮಾತು, ಗಾಳಿಯಲ್ಲಿ ಏನನ್ನೋ ಹೆಕ್ಕುವ ಕೈ, ಹಿಗ್ಗಿದ ಕಣ್ಣಪಾಪೆ, ಒಣಗಿದ ಬಾಯಿ, ಏರುವ ಜ್ವರ. ಸಾವೂ ಸಂಭವಿಸಬಹುದು. ಬೀಜ ತಿಂದ ಸಂಶಯವಿದ್ದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಚಿಕಿತ್ಸೆಯ ಮಾತಿಗೆ ಬಂದರೆ, ಆಸ್ಟ್ರೇಲಿಯಾ 2023ರ ಜುಲೈಯಿಂದ, ಗುಣವಾಗದ ಖಿನ್ನತೆಗೆ ಮನೋವೈದ್ಯರು ಸಿಲೋಸೈಬಿನ್ ಕೊಡಲು ಅವಕಾಶ ನೀಡಿದೆ. ಅದನ್ನು ಕೊಡುವುದು ವೈದ್ಯರ ಕಣ್ಣೆದುರು, ಅಳೆದ ಪ್ರಮಾಣದಲ್ಲಿ. ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಯಡಿ ಎಲ್‌ಎಸ್‌ಡಿ, ಸಿಲೋಸೈಬಿನ್ ಎರಡೂ ನಿಷಿದ್ಧ. ಊರಿಡೀ ಕಾಲೇಜು, ಹಾಸ್ಟೆಲುಗಳಿರುವ ಮಂಗಳೂರಿನಲ್ಲಿ ‘ಸ್ಟ್ಯಾಂಪ್’ ಎಂದು ಕೈಗೆ ಬರುವ ಕಾಗದದ ಚೂರಿನಲ್ಲಿ ಎಲ್‌ಎಸ್‌ಡಿಯೇ ಇದೆ ಎಂಬ ಖಾತ್ರಿಯಿಲ್ಲ. ಅದಕ್ಕಿಂತ ಅಪಾಯಕಾರಿಯಾದ ಕೃತಕ ರಾಸಾಯನಿಕಗಳೂ ಅದೇ ರೂಪದಲ್ಲಿ ಮಾರಾಟವಾಗುತ್ತವೆ. ಮನೆತನದಲ್ಲಿ ಸ್ಕಿಜೋಫ್ರೇನಿಯಾ ಇದ್ದವರಿಗಂತೂ ಇಂಥ ಅನುಭವ ಕಾಯಿಲೆಗೇ ದಾರಿಯಾಗಬಹುದು.

ನಿಮ್ಮ ಮಗನೋ ಮಗಳೋ ಗೆಳೆಯನೋ ಇಲ್ಲದ್ದನ್ನು ಕಾಣುತ್ತಿದ್ದಾರೆ ಎನಿಸಿದರೆ ಬೈಯಬೇಡಿ, ಮುಚ್ಚಿಡಬೇಡಿ, ಒಬ್ಬರನ್ನೇ ಬಿಡಬೇಡಿ. ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.