ನೀರಿನ ನಡುವಿನ ಬಿಡಾರ

ವಿಜಯಪುರದಿಂದ ಸಿಂದಗಿಯತ್ತ ಹೊರಟ ಬಸ್ಸು ಸುಮಾರು ಇಪ್ಪತ್ತು ಕಿಲೋಮೀಟರು ಸಾಗಿದಾಗ ಕುಮಟಗಿ ಎಂಬ ಹಳ್ಳಿ ಬರುತ್ತದೆ. ಗೋಳಗುಮ್ಮಟ ನೋಡಲು ಬಂದ ಪ್ರವಾಸಿಗಳಲ್ಲಿ ಇಲ್ಲಿಯವರೆಗೆ ಬರುವವರು ಕಡಿಮೆ. ಆದರೆ ಆದಿಲಶಾಹಿ ಅರಸರಿಗೆ ಇದು ಬೇಸಿಗೆಯ ಬಿಡಾರವಾಗಿತ್ತು. ಇಲ್ಲಿ ಕೊಳವೊಂದರ ನಡುವೆ ಎರಡು ಅಂತಸ್ತಿನ ಪುಟ್ಟ ಮಂಟಪವಿದೆ. ದಡದಿಂದ ಅದಕ್ಕೆ ಕಟ್ಟಿದ ಕಾಲುದಾರಿಯಿದೆ. ಸುತ್ತಲೂ ಬೇರೆ ಕಟ್ಟಡಗಳ, ಹೊಂಡಗಳ, ನೀರಿನ ಗೋಪುರಗಳ ಅವಶೇಷಗಳಿವೆ.

ದೊಡ್ಡ ನಗರದ ಗದ್ದಲದಿಂದ ತುಸು ದೂರದಲ್ಲಿ, ನೀರಿನ ದಡದಲ್ಲಿ ಎರಡು ದಿನ ತಂಗಿ ಬರುವುದು ಇಂದಿನ ಹೋಟೆಲು ಉದ್ಯಮದ ದೊಡ್ಡ ಆಕರ್ಷಣೆ. ಕೃಷ್ಣರಾಜಸಾಗರದ ಬೃಂದಾವನದ ಪಕ್ಕದ ಹಳೆಯ ಹೋಟೆಲು ಹೀಗೆಯೇ ನವೀಕರಣಗೊಂಡು ಐಷಾರಾಮಿ ವಸತಿಯಾಗಿದೆ. ಕಿಟಕಿ ತೆರೆದರೆ ನೀರು ಕಾಣಬೇಕು. ಅಂಥ ಕೋಣೆಗೆ ಬಾಡಿಗೆಯೂ ಹೆಚ್ಚು. ಕುಮಟಗಿಯ ಹಿಂದಿದ್ದ ಕಲ್ಪನೆಯೂ ಇದೇ. ಆ ಕಾಲದ ವಿಜಾಪುರ ಭಾರತದ ದೊಡ್ಡ ನಗರಗಳಲ್ಲೊಂದು. ಅಲ್ಲಿಂದ ಕುದುರೆಯ ಮೇಲೆ ಅರ್ಧ ದಿನದಲ್ಲಿ ಇಲ್ಲಿಗೆ ತಲಪಬಹುದಿತ್ತು. ಒಂದೇ ವ್ಯತ್ಯಾಸವೆಂದರೆ, ಕುಮಟಗಿಯಲ್ಲಿ ನೀರು ಬರಿಯ ನೋಟವಾಗಿರಲಿಲ್ಲ; ಅದು ಮನೆಯೊಳಕ್ಕೇ ಬಂದು ಸೇವೆ ಮಾಡುತ್ತಿತ್ತು.

ಅದು ಹೇಗೆ? ಕೆರೆಯ ನೀರನ್ನು ಮೊದಲು ಎತ್ತರದ ಗೋಪುರದ ತೊಟ್ಟಿಗೆ ಏರಿಸುತ್ತಿದ್ದರು. ಅಲ್ಲಿಂದ ಅದು ಕೊಳವೆಗಳ ಮೂಲಕ ಕೆಳಗಿಳಿದು ಕಟ್ಟಡಗಳನ್ನು ಸೇರುತ್ತಿತ್ತು. ಎತ್ತರದಿಂದ ಬಂದ ನೀರಿಗೆ ಸಹಜವಾಗಿಯೇ ಒತ್ತಡವಿರುತ್ತದೆ. ಆ ಒತ್ತಡದಿಂದಲೇ ಅದು ಸಣ್ಣ ಬಾಯಿಗಳಿಂದ ಚಿಮ್ಮಿ ತುಂತುರಾಗಿ ಬೀಳುತ್ತಿತ್ತು. ಯಂತ್ರವಿಲ್ಲ, ವಿದ್ಯುತ್ತಿಲ್ಲ, ಎತ್ತರ ಮತ್ತು ಇಳಿಜಾರಿನ ಲೆಕ್ಕ ಮಾತ್ರ. ಈ ವಿದ್ಯೆಯನ್ನು ವಿಜಾಪುರದವರು ನಗರದ ನೀರು ಸರಬರಾಜಿನಲ್ಲೇ ಕರಗತ ಮಾಡಿಕೊಂಡಿದ್ದರು. ತೊರವಿಯಿಂದಲೂ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದಲೂ ನೀರು ನೆಲದೊಳಗೇ ಹರಿದು ನಗರಕ್ಕೆ ಬರುತ್ತಿತ್ತು. ನಡುನಡುವೆ ಕಟ್ಟಿದ ‘ಗಂಜ್’ ಎಂಬ ಗೋಪುರಗಳು ಕೊಳವೆ ಒಡೆಯದಂತೆ ಒತ್ತಡ ತಗ್ಗಿಸುತ್ತಿದ್ದವು. ನೀರಿನೊಡನೆ ಬಂದ ಹೂಳೂ ಅವುಗಳ ತಳದಲ್ಲಿ ನಿಲ್ಲುತ್ತಿತ್ತು.

ಇಷ್ಟೆಲ್ಲ ಶ್ರಮ ಕೇವಲ ಅಂದಕ್ಕಾಗಿ ಅಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಏಪ್ರಿಲ್ ತಿಂಗಳ ಬಿಸಿಲನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಷ್ಣಾಂಶ ನಲವತ್ತು ಡಿಗ್ರಿ ಮುಟ್ಟುತ್ತದೆ, ಗಾಳಿ ಒಣಗಿರುತ್ತದೆ. ಒಣಗಾಳಿಗೆ ನೀರು ತಾಗಿದರೆ ಬೇಗ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅದನ್ನು ಅದು ಸುತ್ತಲಿನ ಗಾಳಿಯಿಂದಲೂ ಗೋಡೆಯಿಂದಲೂ ಸೆಳೆದುಕೊಳ್ಳುತ್ತದೆ. ಮಣ್ಣಿನ ಹರವಿಯ ನೀರು ತಣ್ಣಗಿರುವುದೂ, ಸಂಜೆ ಅಂಗಳಕ್ಕೆ ನೀರು ಚಿಮುಕಿಸಿದರೆ ಹಾಯೆನಿಸುವುದೂ ಇದೇ ಕಾರಣಕ್ಕೆ. ಕುಮಟಗಿಯ ಮಂಟಪ ಅರಸು ಮನೆತನದ ದೊಡ್ಡ ಹರವಿ ಎನ್ನಬಹುದು! ಮುಂಬಯಿ, ಮಂಗಳೂರಿನಂಥ ಕಡಲತೀರದಲ್ಲಿ ಈ ಉಪಾಯ ಅಷ್ಟಾಗಿ ಫಲಿಸದು. ಅಲ್ಲಿನ ಗಾಳಿ ಮೊದಲೇ ತೇವವಾಗಿರುತ್ತದೆ. ಬರಗಾಲದ ಸೀಮೆಯೆಂದು ಹೆಸರಾದ ನಾಡಿನ ಒಣಗಾಳಿಯನ್ನೇ ತಂಪಿನ ಸಾಧನವಾಗಿಸಿಕೊಂಡದ್ದು ಇಲ್ಲಿಯ ಜಾಣ್ಮೆ.

ಇಲ್ಲಿನ ಗೋಡೆಗಳ ಮೇಲೆ ವರ್ಣಚಿತ್ರಗಳೂ ಇದ್ದವು. ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್ 1916ರಲ್ಲಿ ಪ್ರಕಟವಾದ ತಮ್ಮ ವಿಜಾಪುರದ ಗ್ರಂಥದಲ್ಲಿ ಅವುಗಳನ್ನು ವರ್ಣಿಸಿದ್ದಾರೆ: ಕುದುರೆಯೇರಿ ಪೋಲೊ ಆಡುವವರು, ಕುಸ್ತಿಯ ಜಟ್ಟಿಗಳು, ಯುರೋಪಿನ ಉಡುಗೆ ತೊಟ್ಟವರು. ಇಂದು ಅವು ಬಹುಮಟ್ಟಿಗೆ ಮಾಸಿಹೋಗಿವೆ.

ಈ ಸುಖವೆಲ್ಲ ಅರಸರದಾಯಿತು, ಸಾಮಾನ್ಯ ದಾರಿಹೋಕನ ಪಾಡೇನು ಎಂದು ಓದುಗರು ಕೇಳಬಹುದು. ಅದಕ್ಕೆ ಉತ್ತರ ವಿಜಯಪುರ ನಗರದಲ್ಲೇ ಇದೆ. ಎರಡನೆಯ ಇಬ್ರಾಹಿಂ ಆದಿಲಶಹನ ಕಾಲದಲ್ಲಿ, 1620ರಲ್ಲಿ ಕಟ್ಟಿದ್ದೆಂದು ಹೇಳುವ ತಾಜ್ ಬಾವಡಿಯ ಪಕ್ಕದ ಕಟ್ಟಡಗಳು ಪ್ರಯಾಣಿಕರು ತಂಗುವ ಜಾಗಗಳಾಗಿದ್ದವು. ದೂರದಿಂದ ಬಂದವರು ಅಲ್ಲಿ ಇಳಿದುಕೊಂಡು ದಣಿವಾರಿಸಿಕೊಳ್ಳಬಹುದಿತ್ತು. ಅದೂ ನೀರಿನ ದಡದ ವಸತಿಯೇ. ಆದರೆ ಅದರ ಬಾಗಿಲು ಹಾದಿಯಲ್ಲಿ ಬಂದವರಿಗೂ ತೆರೆದಿತ್ತು.

ನಮ್ಮ ಕಾಲದಲ್ಲಿ ಈ ಜಿಲ್ಲೆಯ ನೀರಿನ ದಡವೆಂದರೆ ಆಲಮಟ್ಟಿ. ಮೊದಲು ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ನಿಡಗುಂದಿ ತಾಲ್ಲೂಕಿನಲ್ಲಿದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟಿನ ಬಳಿ ಇಂದು ಉದ್ಯಾನಗಳಿವೆ, ಕಾರಂಜಿಗಳಿವೆ, ರಜೆಯ ದಿನ ಜನಜಂಗುಳಿಯಿರುತ್ತದೆ. ದಡದಲ್ಲಿ ಕುಳಿತು ತಂಗಾಳಿ ಸೇವಿಸುವವರು ಒಂದು ಸಂಗತಿಯನ್ನು ಮರೆಯಬಾರದು. ಆ ನೀರಿನಡಿ ಹೊಲ ಮನೆಗಳಿದ್ದವು. ಹಳೆಯ ಬಾಗಲಕೋಟೆಯ ಒಂದು ಭಾಗವೂ, ನದೀತೀರದ ಅನೇಕ ಹಳ್ಳಿಗಳೂ ಮುಳುಗಿ, ಅಲ್ಲಿಯ ಜನ ಬೇರೆಡೆಗೆ ಹೋಗಿ ನೆಲೆಸಬೇಕಾಯಿತು. ಅವರು ಬಿಟ್ಟುಕೊಟ್ಟ ನೆಲದ ಮೇಲೆ ನಿಂತ ನೀರು ಏತ ನೀರಾವರಿಯಿಂದ ಒಣಗಿದ ಹೊಲಗಳನ್ನೂ, ಹಳೆಯ ಕೆರೆಗಳನ್ನೂ ತಲಪಿದಾಗಲೇ ಆ ತ್ಯಾಗಕ್ಕೆ ಅರ್ಥ ಬರುತ್ತದೆ.

ಕುಮಟಗಿಯನ್ನು ಪ್ರವಾಸಿ ತಾಣವಾಗಿ ಸಜ್ಜುಗೊಳಿಸಬೇಕೆಂದು ಯಾರಾದರೂ ಹೇಳಿದರೆ ಅದು ಒಳ್ಳೆಯ ಮಾತೇ. ಆದರೆ ಸುಣ್ಣ ಬಳಿದು, ದೀಪ ಹಾಕಿ, ಪಕ್ಕದಲ್ಲೊಂದು ಹೋಟೆಲು ಕಟ್ಟಿದ ಮಾತ್ರಕ್ಕೆ ಅದು ಮತ್ತೆ ನೀರಿನ ಬಿಡಾರವಾಗದು. ಕೊಳ ಬತ್ತಿದರೆ ಮಂಟಪ ಬರಿಯ ಕಟ್ಟಡ. ಹೂಳೆತ್ತುವುದು, ನೀರು ಹರಿದುಬರುವ ಹಳ್ಳಗಳನ್ನು ಒತ್ತುವರಿಯಿಂದ ಉಳಿಸುವುದು, ಉಳಿದಿರುವ ಕೊಳವೆಗಳನ್ನೂ ಗೋಪುರಗಳನ್ನೂ ಜತನ ಮಾಡುವುದು ಇವು ಮೊದಲ ಕೆಲಸಗಳು. ಕೆರೆ ತುಂಬಿದರೆ ನೋಡಬಂದವನಿಗೆ ತಂಪು, ಊರಿನ ಬಾವಿಗೆ ಸೆಲೆ, ದನಕರುವಿಗೆ ಕುಡಿಯುವ ನೀರು. ಅತಿಥಿಗೂ ಊರಿನವನಿಗೂ ಒಂದೇ ನೀರು ದಕ್ಕುವ ಬಿಡಾರಕ್ಕಿಂತ ದೊಡ್ಡ ಐಷಾರಾಮ ಈ ಸೀಮೆಯಲ್ಲಿ ಬೇರೇನಿದೆ?